ಈ ನ್ಯುಮೋನಿಯಾ ಯಾವ ಆಸ್ಪತ್ರೆಯ ಲೆಕ್ಕಕ್ಕೆ?

ಒಂದು ಕಲ್ಪಿತ ಪ್ರಕರಣದಿಂದ ಆರಂಭಿಸೋಣ. ಸೋಮವಾರ ರಾತ್ರಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಹಿರಿಯೂರಿನ ಸಮೀಪ, ಬೈಕಿನಿಂದ ಬಿದ್ದ ಯುವಕನೊಬ್ಬನನ್ನು 11 ಗಂಟೆಗೆ ಅಲ್ಲಿನ ಆಸ್ಪತ್ರೆಗೆ ಸೇರಿಸುತ್ತಾರೆ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದೆ. ಮಂಗಳವಾರ ನಸುಕಿನ 4ಕ್ಕೆ ಅವನು ಚಿತ್ರದುರ್ಗದಲ್ಲಿದ್ದಾನೆ. 5 ಗಂಟೆಗೆ ಗಂಟಲಿಗೆ ಪೈಪು ಹಾಕಿ ಉಸಿರಾಟದ ಯಂತ್ರಕ್ಕೆ ಜೋಡಿಸುತ್ತಾರೆ. ಅಲ್ಲಿಂದ ಮುಂದಕ್ಕೆ ಕಳುಹಿಸಲಾಗಿ, ಸಂಜೆ 6ಕ್ಕೆ ದಾವಣಗೆರೆಯ ಒಂದು ಐಸಿಯುಗೆ ದಾಖಲಾಗುತ್ತಾನೆ. ಗುರುವಾರ ಬೆಳಿಗ್ಗೆ 8ಕ್ಕೆ ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪೈಪಿನಿಂದ ಹಳದಿ ಕಫ ಬರತೊಡಗುತ್ತದೆ, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಾಣಿಸುತ್ತದೆ. ಹೊರಗೆ ಕಾದು ಕುಳಿತ ಮನೆಯವರಿಗೆ ‘ಎದಿಗೆ ಇನ್ಫೆಕ್ಷನ್ ಆಗೇತಿ’ ಎಂಬಷ್ಟು ಮಾತ್ರ ತಿಳಿಯುತ್ತದೆ. ಎಲ್ಲಿ ಆಯಿತು, ಯಾವಾಗ ಆಯಿತು, ಅದಕ್ಕೆ ಯಾವ ಹೆಸರು ಎಂಬ ಪ್ರಶ್ನೆಗಳಿಗೆ ಒಳಗಿರುವ ವೈದ್ಯರಲ್ಲೂ ಒಂದೇ ಉತ್ತರ ಇರಬೇಕೆಂದಿಲ್ಲ.

ಆಸ್ಪತ್ರೆಯಲ್ಲಿ ತಗುಲುವ ನ್ಯುಮೋನಿಯಾದ ಪಠ್ಯಪುಸ್ತಕದ ವ್ಯಾಖ್ಯೆ ಸರಳವಾಗಿದೆ. ದಾಖಲಾಗುವಾಗ ಇಲ್ಲದಿದ್ದ, ಒಳಗೊಳಗೇ ಮೊಳೆಯುತ್ತಲೂ ಇರದಿದ್ದ, ದಾಖಲಾಗಿ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಸಮಯ ಕಳೆದ ಮೇಲೆ ಕಾಣಿಸಿಕೊಂಡ ನ್ಯುಮೋನಿಯಾ ಅದು. ಗಂಟಲಿಗೆ ಪೈಪು ಹಾಕಿ 48 ಗಂಟೆ ಮೀರಿದ ಮೇಲೆ ಬಂದರೆ ಅದಕ್ಕೆ ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎಂಬ ಪ್ರತ್ಯೇಕ ಹೆಸರಿದೆ. ಈ 48 ಗಂಟೆ ಪ್ರಕೃತಿ ಗೆರೆ ಕೊರೆದು ಕೊಟ್ಟ ಗಡಿಯಲ್ಲ. ಮನೆಯಿಂದ ಹೊತ್ತು ತಂದ ಸೋಂಕು ಸಾಮಾನ್ಯವಾಗಿ ಅಷ್ಟರೊಳಗೆ ಹೊರಬೀಳುತ್ತದೆ ಎಂಬ ಅನುಭವದ ಮೇಲೆ ಒಪ್ಪಿಕೊಂಡ ಅಂದಾಜು. ಈ ಅಂದಾಜಿನ ಹಿಂದೆ ಶರೀರದೊಳಗಿನ ಒಂದು ಬದಲಾವಣೆಯೂ ಇದೆ. ಹಾಸಿಗೆ ಹಿಡಿದ ರೋಗಿಯ ಬಾಯಿ ಮತ್ತು ಗಂಟಲಿನಲ್ಲಿ ಮಾಮೂಲಿ ಬ್ಯಾಕ್ಟೀರಿಯಾಗಳ ಜಾಗವನ್ನು ಕೆಲವೇ ದಿನಗಳಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೋಮೋನಾಸ್, ಅಸಿನೆಟೋಬ್ಯಾಕ್ಟರ್‌ನಂಥ ಆಸ್ಪತ್ರೆಯ ಬ್ಯಾಕ್ಟೀರಿಯಾಗಳು ಆಕ್ರಮಿಸಿಕೊಳ್ಳುತ್ತವೆ; ಆ ಎಂಜಲು ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಪೈಪು ಹಾಕಿದ್ದರೆ ಅದರ ಸುತ್ತ ಉಬ್ಬಿಸಿದ ಗಾಳಿಚೀಲದ ಮಡಿಕೆಗಳ ನಡುವಿನಿಂದಲೂ ಇಳಿಯುತ್ತದೆ. ಪೈಪು ಗಾಳಿಗೆ ದಾರಿ ಮಾಡಿಕೊಡುತ್ತದೆ, ಆದರೆ ಕೆಮ್ಮನ್ನು ಕಿತ್ತುಕೊಳ್ಳುತ್ತದೆ.

ಪೈಪು ಹಾಕದ ರೋಗಿಗಳಲ್ಲಿ ಬರುವ ಆಸ್ಪತ್ರೆ ನ್ಯುಮೋನಿಯಾ ಎಣಿಕೆಯಲ್ಲಿ ಕಡಿಮೆಯೇನಲ್ಲ. ಪಾರ್ಶ್ವವಾಯು ಬಡಿದು ನುಂಗಲಾಗದ ಅಜ್ಜ, ಸೊಂಟದ ಮೂಳೆ ಮುರಿದು ಮಲಗಿದ ಅಜ್ಜಿ, ಹೊಟ್ಟೆಯ ಆಪರೇಷನ್ ಆದ ಮೇಲೆ ನೋವಿಗೆ ಹೆದರಿ ಕೆಮ್ಮದ ರೋಗಿ, ಇವರೆಲ್ಲ ಸಾಮಾನ್ಯ ವಾರ್ಡಿನಲ್ಲಿರುತ್ತಾರೆ. ಐಸಿಯುನಲ್ಲಿ ಗಂಟೆಗೊಮ್ಮೆ ಬರೆಯುವ ಚಾರ್ಟ್ ಇರುತ್ತದೆ. ವಾರ್ಡಿನಲ್ಲಿ ಸಿಸ್ಟರ್ ಒಬ್ಬರ ಪಾಲಿಗೆ ಎಷ್ಟೋ ಹಾಸಿಗೆಗಳು. ಹೀಗಾಗಿ ವೆಂಟಿಲೇಟರ್ ನ್ಯುಮೋನಿಯಾದ ಕುರಿತು ನಡೆದಷ್ಟು ಚರ್ಚೆ ವಾರ್ಡಿನ ನ್ಯುಮೋನಿಯಾದ ಕುರಿತು ನಡೆದಿಲ್ಲ. ವಾರ್ಡಿನಲ್ಲಿ ನ್ಯುಮೋನಿಯಾ ಬಂದು, ಅದು ಉಲ್ಬಣಿಸಿ, ಆಮೇಲೆ ಪೈಪು ಹಾಕಬೇಕಾಗಿ ಬರುವ ರೋಗಿಗಳದು ಇನ್ನೊಂದು ಗುಂಪು. ಇವರ ಸೋಂಕು ವೆಂಟಿಲೇಟರ್‌ನಿಂದ ಬಂದದ್ದಲ್ಲ, ಸೋಂಕಿನಿಂದಲೇ ವೆಂಟಿಲೇಟರ್ ಬಂದದ್ದು. ಸಾವಿನ ಅಪಾಯ ಅತಿ ಹೆಚ್ಚಿರುವ ಗುಂಪುಗಳಲ್ಲಿ ಇದೂ ಒಂದಾದರೂ, ಐಸಿಯು ರಿಜಿಸ್ಟರಿನಲ್ಲಿ ಇವರನ್ನು ವೆಂಟಿಲೇಟರ್ ಪಟ್ಟಿಗೆ ಸೇರಿಸಿಬಿಡುವ ಅಭ್ಯಾಸ ಸುಲಭವಾಗಿ ಬಂದುಬಿಡುತ್ತದೆ.

ಒಂದು ಕಾಲಕ್ಕೆ ನಾಲ್ಕನೆಯ ಹೆಸರೂ ಇತ್ತು. ಅಮೆರಿಕದ ಎದೆರೋಗ ಮತ್ತು ಸೋಂಕುರೋಗ ತಜ್ಞರ ಸಂಘಗಳು 2005ರ ಮಾರ್ಗಸೂಚಿಯಲ್ಲಿ ‘ಆರೋಗ್ಯಸೇವೆ ಸಂಬಂಧಿತ ನ್ಯುಮೋನಿಯಾ’ ಎಂಬ ವರ್ಗವನ್ನು ಸೇರಿಸಿದವು. ಡಯಾಲಿಸಿಸ್‌ಗೆ ಬಂದುಹೋಗುವವರು, ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದು ಹೋದವರು, ವೃದ್ಧಾಶ್ರಮದಲ್ಲಿರುವವರು ಮನೆಯಿಂದಲೇ ನ್ಯುಮೋನಿಯಾ ತಂದರೂ ಅವರಲ್ಲಿ ನಿರೋಧಕ ಬ್ಯಾಕ್ಟೀರಿಯಾ ಇರಬಹುದೆಂಬುದು ಅದರ ಹಿಂದಿನ ಲೆಕ್ಕಾಚಾರ. ಕಾಲಕ್ರಮದಲ್ಲಿ ಈ ಹಣೆಪಟ್ಟಿ ಹೊತ್ತವರಲ್ಲಿ ಬಹುಪಾಲು ಜನರಿಗೆ ಅಂಥ ಬ್ಯಾಕ್ಟೀರಿಯಾ ಇಲ್ಲವೆಂದೂ, ಅನವಶ್ಯಕವಾಗಿ ಪ್ರಬಲ ಆಂಟಿಬಯಾಟಿಕ್ ಬಳಕೆಯಾಗುತ್ತಿದೆಯೆಂದೂ ತಿಳಿದುಬಂದು, 2016ರ ಮಾರ್ಗಸೂಚಿ ಆ ವರ್ಗವನ್ನೇ ಕೈಬಿಟ್ಟಿತು. ಹನ್ನೊಂದು ವರ್ಷ ಬಾಳಿದ ಒಂದು ಹೆಸರು ಔಷಧದ ಚೀಟಿಯನ್ನು ಎಷ್ಟರ ಮಟ್ಟಿಗೆ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಹೊಳೆಯುತ್ತಿಲ್ಲ.

ಹೆಸರಿಗಿಂತ ಮೊದಲು ಬರುವುದು ಗುರುತಿಸುವ ಕೆಲಸ, ಮತ್ತು ನಿಜವಾದ ತೊಡಕೆಲ್ಲ ಅಲ್ಲೇ ಇದೆ. ನ್ಯುಮೋನಿಯಾ ಎನ್ನಲು ಎಕ್ಸ್‌ರೇಯಲ್ಲಿ ಹೊಸದಾಗಿ ಮೂಡಿದ ಅಥವಾ ಹೆಚ್ಚುತ್ತಿರುವ ಮಸುಕು ಬೇಕು. ಅದರ ಜೊತೆಗೆ ಸೋಂಕಿನ ಗುರುತುಗಳಾದ ಜ್ವರ, ಬಿಳಿ ರಕ್ತಕಣಗಳ ಏರಿಳಿತ, ಕೀವಿನಂಥ ಕಫ, ಆಮ್ಲಜನಕದ ಕುಸಿತ ಇವುಗಳಲ್ಲಿ ಕೆಲವಾದರೂ ಬೇಕು. ಓದುವಾಗ ಸಲೀಸಾಗಿ ತೋರುವ ಈ ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಐಸಿಯುನಲ್ಲಿ ಬೇರೊಂದು ಕಾರಣ ಇರಬಲ್ಲದು. ಮಲಗಿದ ರೋಗಿಯ ಬೆನ್ನಿನ ಕೆಳಗೆ ಪ್ಲೇಟು ತೂರಿಸಿ, ಚಲಿಸುವ ಯಂತ್ರದಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಉಸಿರು ಪೂರ್ತಿ ಒಳಗೆಳೆದಿರುವುದಿಲ್ಲ, ಶ್ವಾಸಕೋಶದ ತಳಭಾಗ ಮಸುಕಾಗಿರುತ್ತದೆ. ಕಫದ ಗಟ್ಟಿಯೊಂದು ಕವಲು ನಾಳವನ್ನು ಮುಚ್ಚಿ ಶ್ವಾಸಕೋಶದ ತುಂಡು ಮುದುಡಿಕೊಂಡರೂ ಬಿಳಿ, ಎದೆಗೂಡಿನಲ್ಲಿ ನೀರು ತುಂಬಿದರೂ ಬಿಳಿ, ಹೃದಯ ಸೋತು ಶ್ವಾಸಕೋಶ ತೇವಗೊಂಡರೂ ಬಿಳಿ.

1999ರಲ್ಲಿ ಬಾರ್ಸಿಲೋನಾದ ತಜ್ಞರು ವೆಂಟಿಲೇಟರ್‌ನಲ್ಲಿದ್ದು ತೀರಿಕೊಂಡ 25 ರೋಗಿಗಳ ಶ್ವಾಸಕೋಶವನ್ನು ಪರೀಕ್ಷಿಸಿ, ಬದುಕಿದ್ದಾಗ ಮಾಡಿದ ರೋಗನಿರ್ಣಯದೊಡನೆ ಹೋಲಿಸಿ ನೋಡಿದ್ದರು. ಎಕ್ಸ್‌ರೇಯ ಮಸುಕಿನ ಜೊತೆಗೆ ಜ್ವರ, ಬಿಳಿಕಣಗಳ ಏರಿಕೆ, ಕೀವುಕಫ ಈ ಮೂರರಲ್ಲಿ ಎರಡು ಇದ್ದರೆ ನ್ಯುಮೋನಿಯಾ ಎಂಬ ಸೂತ್ರವು ರೋಗ ಇದ್ದವರಲ್ಲಿ ಶೇ. 69ರಷ್ಟು ಮಂದಿಯನ್ನು ಹಿಡಿದಿತ್ತು, ಇಲ್ಲದವರಲ್ಲಿ ಶೇ. 75ರಷ್ಟು ಮಂದಿಯನ್ನು ಇಲ್ಲವೆಂದೇ ಸರಿಯಾಗಿ ಹೇಳಿತ್ತು. ಅಧ್ಯಯನ ಚಿಕ್ಕದು, ಆದರೂ ಹಾಸಿಗೆಯ ಪಕ್ಕದಲ್ಲಿ ನಿಂತು ಮಾಡುವ ತೀರ್ಮಾನದ ಮಿತಿ ಎಷ್ಟೆಂಬ ಅಂದಾಜು ಅದರಿಂದ ಸಿಗುತ್ತದೆ. ಅದಕ್ಕೂ ಮುಂಚೆ, 1991ರಲ್ಲಿ, ಜ್ವರ, ಬಿಳಿಕಣ, ಕಫ, ಆಮ್ಲಜನಕದ ಮಟ್ಟ, ಎಕ್ಸ್‌ರೇ, ಕಲ್ಚರ್ (ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಎಂಬ ಆರು ಅಂಶಗಳಿಗೆ ತಲಾ ಎರಡರವರೆಗೆ ಅಂಕ ಕೊಟ್ಟು, ಒಟ್ಟು 12ರಲ್ಲಿ 6ನ್ನು ಮೀರಿದರೆ ನ್ಯುಮೋನಿಯಾ ಎಂದು ಶಂಕಿಸುವ ಅಂಕಪದ್ಧತಿಯೊಂದು ಬಂದಿತ್ತು. ಅಂಕ ಕೂಡಿಸಿದಾಗ ಒಂದು ನಿಖರತೆಯ ಭ್ರಮೆ ಹುಟ್ಟುತ್ತದೆ. ಕಫ ‘ಕೀವಿನಂತಿದೆ’ ಎಂದು ಒಬ್ಬ ಸಿಸ್ಟರ್ ಬರೆದದ್ದನ್ನು ಮುಂದಿನ ಪಾಳಿಯವರು ‘ಗಟ್ಟಿಯಿದೆ’ ಎಂದು ಬರೆದರೆ ಅಂಕ ಬದಲಾಗುತ್ತದೆ, ರೋಗಿ ಬದಲಾಗಿರುವುದಿಲ್ಲ. 2016ರ ಮಾರ್ಗಸೂಚಿಯು ಔಷಧ ಆರಂಭಿಸುವ ತೀರ್ಮಾನಕ್ಕೆ ಈ ಅಂಕಗಳನ್ನಾಗಲಿ, ಪ್ರೊಕ್ಯಾಲ್ಸಿಟೋನಿನ್ ಎಂಬ ದುಬಾರಿ ರಕ್ತಪರೀಕ್ಷೆಯನ್ನಾಗಲಿ ನೆಚ್ಚದೆ, ವೈದ್ಯಕೀಯ ಲಕ್ಷಣಗಳನ್ನೇ ಆಧರಿಸಬೇಕೆಂದು ಸಲಹೆ ಮಾಡಿತು.

ನಮ್ಮ ಭಾಗದ ರೋಗಿಗಳಲ್ಲಿ ಈ ತೊಡಕು ಇನ್ನೂ ಒಂದು ಸುತ್ತು ಹೆಚ್ಚುತ್ತದೆ. ಕೃಷಿಯೇ ಮುಖ್ಯವಾಗಿರುವ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಕೀಟನಾಶಕ ಹೊಟ್ಟೆಗೆ ಹೋಗಿ ಐಸಿಯು ಸೇರುವವರ ಪ್ರಕರಣ ವೈದ್ಯರಿಗೆ ಅಪರಿಚಿತವಲ್ಲ. ಅನೇಕ ಕೀಟನಾಶಕಗಳಲ್ಲಿರುವ ಆರ್ಗನೋಫಾಸ್ಫರಸ್ ವಿಷದ ಕೆಲಸವೇ ಶ್ವಾಸನಾಳಗಳಲ್ಲಿ ನೀರೂರಿಸುವುದು. ಸ್ಟೆತಸ್ಕೋಪ್ ಇಟ್ಟಲ್ಲೆಲ್ಲ ಗುರುಗುರು ಸದ್ದು ಕೇಳಿಸುತ್ತದೆ, ಎಕ್ಸ್‌ರೇ ಮಸುಕಾಗುತ್ತದೆ. ಅದಕ್ಕೆ ಕೊಡುವ ಅಟ್ರೋಪಿನ್ ಹೆಚ್ಚಾದರೆ ಬೆವರು ನಿಂತು ಮೈ ಬಿಸಿಯೇರುತ್ತದೆ, ನಾಡಿ ಓಡುತ್ತದೆ, ಕಫ ಒಣಗಿ ಗಟ್ಟಿಯಾಗುತ್ತದೆ. ವಿಷದ ಆಘಾತಕ್ಕೇ ಬಿಳಿಕಣಗಳು ಏರಿರುತ್ತವೆ. ನ್ಯುಮೋನಿಯಾದ ಪಟ್ಟಿಯಲ್ಲಿರುವ ನಾಲ್ಕೈದು ಗುರುತುಗಳು ಒಂದು ಬ್ಯಾಕ್ಟೀರಿಯಾವೂ ಇಲ್ಲದೆ ಸಾಲಾಗಿ ಬಂದು ನಿಲ್ಲುತ್ತವೆ. ಸಾಲದೆಂಬಂತೆ ಅನೇಕರು ಊರಿನಲ್ಲೇ, ದಾರಿಯಲ್ಲೇ ವಾಂತಿ ಮಾಡಿಕೊಂಡಿರುತ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಅಪಾಯಕಾರಿ ರೂಢಿ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ. ಹೊಟ್ಟೆಯ ಆಮ್ಲ ಶ್ವಾಸಕೋಶಕ್ಕೆ ಇಳಿದರೆ ಮೊದಲು ಆಗುವುದು ಸುಟ್ಟಗಾಯದಂಥ ಉರಿಯೂತ. 1946ರಲ್ಲಿ ಹೆರಿಗೆಯ ಅರಿವಳಿಕೆಯ ಸಂದರ್ಭದಲ್ಲಿ ಮೊದಲು ವಿವರವಾಗಿ ದಾಖಲಾದ ಈ ಸ್ಥಿತಿ ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಂಡು, ಎಷ್ಟೋ ಸಲ ಎರಡು ಮೂರು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಇದಕ್ಕೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಅದೇ ಗಾಯದ ಮೇಲೆ ಮೂರನೆಯ, ನಾಲ್ಕನೆಯ ದಿನ ಬ್ಯಾಕ್ಟೀರಿಯಾ ನೆಲೆಯೂರಿದರೆ ಅದು ನಿಜವಾದ ನ್ಯುಮೋನಿಯಾ. ಎರಡರ ಎಕ್ಸ್‌ರೇಯನ್ನೂ ಪಕ್ಕಪಕ್ಕ ಇಟ್ಟರೆ ಅನುಭವಿಗಳೂ ತಡವರಿಸುತ್ತಾರೆ. ಬೇರ್ಪಡಿಸಿ ಹೇಳಬಲ್ಲದ್ದು ದಾಖಲಾದ ದಿನದ ಎಕ್ಸ್‌ರೇ ಮತ್ತು ‘ದಾರಿಯಲ್ಲಿ ವಾಂತಿಯಾಗಿತ್ತು’ ಎಂಬ ಒಂದು ಸಾಲಿನ ಬರಹ.

ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದವರ, ಹೊಳಲ್ಕೆರೆ ಕಡೆಯ ಗಣಿಗಳ ದೂಳು ಕುಡಿದವರ, ಹಿಂದೊಮ್ಮೆ ಕ್ಷಯಕ್ಕೆ ಔಷಧ ಮುಗಿಸಿದವರ ಎದೆಯ ಎಕ್ಸ್‌ರೇ ಆರೋಗ್ಯವಾಗಿದ್ದಾಗಲೂ ಸ್ವಚ್ಛವಾಗಿರಬೇಕೆಂದಿಲ್ಲ. ಅಂಥವರಲ್ಲಿ ‘ಹೊಸ ಮಸುಕು’ ಎನ್ನಬೇಕಾದರೆ ಹಳೆಯದು ಕಣ್ಣ ಮುಂದಿರಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ತನ್ನ ಎಣಿಕೆಯ ನಿಯಮದಲ್ಲಿ ಇದನ್ನು ಬರೆದೇ ಇಟ್ಟಿದೆ: ಮೊದಲೇ ಹೃದಯದ ಅಥವಾ ಶ್ವಾಸಕೋಶದ ರೋಗ ಇರುವವರಿಗೆ ಎರಡು ಅಥವಾ ಹೆಚ್ಚು ಸರಣಿ ಎಕ್ಸ್‌ರೇ ಬೇಕು, ಇಲ್ಲದವರಿಗೆ ಖಚಿತವಾದ ಒಂದು ಸಾಕು. ಮನೆಯ ಬೀರುವಿನಲ್ಲಿ ಎಲ್‌ಐಸಿ ಬಾಂಡಿನ ಜೊತೆ ಜೋಪಾನ ಮಾಡಿಟ್ಟ ಹಳೆಯ ಎಕ್ಸ್‌ರೇ ಫಿಲ್ಮನ್ನು ಆಸ್ಪತ್ರೆಗೆ ಬರುವಾಗ ತರುವುದು ಎಷ್ಟು ದೊಡ್ಡ ಉಪಕಾರವೆಂದು ಬಹಳ ಜನರಿಗೆ ತಿಳಿದಿಲ್ಲ.

ಕಲ್ಚರ್ ವರದಿ ಬಂದರೆ ಎಲ್ಲ ಇತ್ಯರ್ಥವಾಗುತ್ತದೆ ಎಂಬ ನಂಬಿಕೆ ವೈದ್ಯರಲ್ಲದವರಲ್ಲಿ ಮಾತ್ರವಲ್ಲ, ಕಿರಿಯ ವೈದ್ಯರಲ್ಲೂ ಇದೆ. ಕೆಲವು ದಿನ ಪೈಪು ಇದ್ದ ರೋಗಿಯ ಶ್ವಾಸನಾಳದಿಂದ ಸಕ್ಷನ್ ಮಾಡಿ ತೆಗೆದ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಯದಿದ್ದರೇ ಆಶ್ಚರ್ಯ. ಅವು ಪೈಪಿನ ಒಳಗೋಡೆಗೆ ಪಾಚಿಯಂತೆ ಅಂಟಿಕೊಂಡಿರುತ್ತವೆ. ಬೀಡುಬಿಟ್ಟಿರುವುದು ಬೇರೆ, ರೋಗ ತರುವುದು ಬೇರೆ. ಇದನ್ನು ಬೇರ್ಪಡಿಸಲು ಪ್ರಯೋಗಾಲಯಗಳು ಎಣಿಕೆಯ ಮೊರೆ ಹೋಗುತ್ತವೆ. ಶ್ವಾಸನಾಳದೊಳಗೆ ನೋಡುವ ಕೊಳವೆಯಾದ ಬ್ರಾಂಕೋಸ್ಕೋಪ್ ಇಳಿಸಿ ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಮಿಲಿಲೀಟರಿಗೆ 10,000, ಪೈಪಿನ ಮೂಲಕ ಎಳೆದ ದ್ರವದಲ್ಲಿ 1,00,000 ಅಥವಾ ಅದಕ್ಕೂ ಹೆಚ್ಚು ಎಂಬುವು ಬಳಕೆಯಲ್ಲಿರುವ ಮಿತಿಗಳು. ಬ್ರಾಂಕೋಸ್ಕೋಪಿ ಎಲ್ಲೆಡೆ, ಎಲ್ಲ ಹೊತ್ತಿನಲ್ಲೂ ಸಾಧ್ಯವಿಲ್ಲ. 2016ರ ಮಾರ್ಗಸೂಚಿಯೂ ಪೈಪಿನಿಂದಲೇ ತೆಗೆದ ಮಾದರಿಯ ಅರೆ-ಎಣಿಕೆಯ (ಬ್ಯಾಕ್ಟೀರಿಯಾ ಎಷ್ಟೆಂದು ಸ್ಥೂಲವಾಗಿ ಅಳೆಯುವ) ಕಲ್ಚರ್ ಸಾಕೆಂದು ಹೇಳಿತು, ಇದು ನಮ್ಮಂಥ ಜಿಲ್ಲೆಗಳಿಗೆ ಒದಗಿಬಂದ ಅನುಕೂಲ. ವಾರ್ಡಿನ ರೋಗಿ ಡಬ್ಬಿಯಲ್ಲಿ ಉಗುಳಿ ಕೊಟ್ಟದ್ದು ಕಫವೋ ಎಂಜಲೋ ಎಂಬುದನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಡಿಮೆ ವರ್ಧನೆಯ ಒಂದು ನೋಟದಲ್ಲಿ ಬಾಯಿಯ ಚರ್ಮಕೋಶಗಳು ಹತ್ತಕ್ಕಿಂತ ಕಡಿಮೆ, ಕೀವಿನ ಕಣಗಳು 25ಕ್ಕಿಂತ ಹೆಚ್ಚು ಇದ್ದರೆ ಅದು ಎದೆಯಿಂದ ಬಂದ ಕಫ. ಇಲ್ಲವಾದರೆ ಇನ್ನೊಂದು ಮಾದರಿ ಕೇಳಬೇಕು. ಮತ್ತೆ ಮಾದರಿ ಕೇಳುವ ಪ್ರಯೋಗಾಲಯ ಕಿರಿಕಿರಿ ಎನಿಸಬಹುದು, ಆದರೆ ಎಂಜಲಿನ ಕಲ್ಚರ್ ಮಾಡಿ ವರದಿ ಕೊಡುವ ಪ್ರಯೋಗಾಲಯಕ್ಕಿಂತ ಅದು ಮೇಲು.

ಮಾದರಿಯನ್ನು ಮೊದಲ ಡೋಸ್ ಆಂಟಿಬಯಾಟಿಕ್‌ಗೆ ಮುನ್ನ ತೆಗೆಯಬೇಕೆಂಬುದು ಎಲ್ಲರಿಗೂ ಗೊತ್ತಿರುವ, ಆದರೂ ಮೂರು ಆಸ್ಪತ್ರೆ ದಾಟಿ ಬಂದ ರೋಗಿಯಲ್ಲಿ ಪಾಲಿಸಲಾಗದ ನಿಯಮ. ಅವನಿಗೆ ಮೊದಲ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಬಿದ್ದಿರುತ್ತದೆ. ಅಂಥವನ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲವೆಂದರೆ ಸೋಂಕು ಇಲ್ಲವೆಂದೂ ಅರ್ಥವಾಗಬಹುದು, ಔಷಧ ಬ್ಯಾಕ್ಟೀರಿಯಾವನ್ನು ಅಡಗಿಸಿದೆಯೆಂದೂ ಅರ್ಥವಾಗಬಹುದು.

ಇನ್ನು ಎಣಿಕೆಯ ವಿಷಯ. ರೋಗಿಗೆ ಔಷಧ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ವ್ಯಾಖ್ಯೆ ಒಂದು, ಆಸ್ಪತ್ರೆಯಲ್ಲಿ ತಿಂಗಳಿಗೆ ಎಷ್ಟು ಪ್ರಕರಣ ಆದವೆಂದು ಎಣಿಸುವ ವ್ಯಾಖ್ಯೆ ಇನ್ನೊಂದು. ಚಿಕಿತ್ಸೆಯ ವ್ಯಾಖ್ಯೆ ಅನುಮಾನದ ಕಡೆಗೆ ವಾಲಿರಬೇಕು, ಏಕೆಂದರೆ ತಪ್ಪಿಸಿಕೊಂಡ ರೋಗಿ ಸಾಯಬಹುದು. ಎಣಿಕೆಯ ವ್ಯಾಖ್ಯೆ ಯಾರು ಎಣಿಸಿದರೂ ಅದೇ ಉತ್ತರ ಕೊಡಬೇಕು, ಒಬ್ಬ ರೋಗಿಯ ಮಟ್ಟಿಗೆ ಅದು ತಪ್ಪಿದರೂ ಅಡ್ಡಿಯಿಲ್ಲ. ಇವೆರಡನ್ನು ಬೆರೆಸಿದಲ್ಲಿ ಗೊಂದಲ ಖಂಡಿತ. ಎಕ್ಸ್‌ರೇ ಓದುವುದರಲ್ಲಿ ವೈದ್ಯರಿಂದ ವೈದ್ಯರಿಗೆ ಇರುವ ವ್ಯತ್ಯಾಸದಿಂದ ಬೇಸತ್ತ ಸಿಡಿಸಿ 2013ರ ಜನವರಿಯಿಂದ ವಯಸ್ಕ ರೋಗಿಗಳಿಗೆ ಎಕ್ಸ್‌ರೇಯೇ ಬೇಡದ ಒಂದು ಏಣಿಯನ್ನು ಜಾರಿಗೆ ತಂದಿತು. ಕನಿಷ್ಠ ಎರಡು ದಿನ ಸ್ಥಿರವಾಗಿದ್ದ ರೋಗಿಗೆ ಆಮೇಲೆ ಎರಡು ದಿನ ಕೊಡಬೇಕಾದ ಆಮ್ಲಜನಕದ ಪ್ರಮಾಣ ಶೇ. 20 ಅಂಶಗಳಷ್ಟು, ಅಥವಾ ಉಸಿರು ಬಿಟ್ಟ ಕೊನೆಯಲ್ಲಿ ಯಂತ್ರ ಉಳಿಸುವ ಒತ್ತಡ 3 ಸೆಂಟಿಮೀಟರ್ ನೀರಿನಷ್ಟು ಏರಿದರೆ ಅದು ಮೊದಲ ಮೆಟ್ಟಿಲು. ಜ್ವರ ಅಥವಾ ಬಿಳಿಕಣಗಳ ಏರುಪೇರು ಕಂಡು, ಹೊಸ ಆಂಟಿಬಯಾಟಿಕ್ ಆರಂಭಿಸಿ ನಾಲ್ಕು ದಿನವಾದರೂ ಮುಂದುವರಿಸಿದರೆ ಎರಡನೆಯದು. ಕಲ್ಚರ್‌ನಂಥ ಪ್ರಯೋಗಾಲಯದ ಪುರಾವೆಯೂ ಸಿಕ್ಕರೆ ಮೂರನೆಯದು, ಅದನ್ನೂ ‘ಸಂಭವನೀಯ’ ಎಂದೇ ಕರೆಯುತ್ತಾರೆ. ಯಂತ್ರದ ಅಂಕಿಗಳನ್ನು ತಿರುಚುವುದು ಕಷ್ಟ ಎಂಬುದು ಇದರ ಬಲ. ಶ್ವಾಸಕೋಶದಲ್ಲಿ ನೀರು ನಿಂತರೂ ಏಣಿ ಹತ್ತಬಹುದು, ಯಂತ್ರದ ಅಂಕಿ ಅಷ್ಟಾಗಿ ಏರದ ನಿಜವಾದ ನ್ಯುಮೋನಿಯಾ ಕೆಳಗೇ ಉಳಿಯಬಹುದು ಎಂಬುದು ದೌರ್ಬಲ್ಯ.

ಹೀಗೆ ಎಣಿಸಿದ ಸಂಖ್ಯೆಯನ್ನು ವೆಂಟಿಲೇಟರ್ ದಿನಗಳಿಂದ ಭಾಗಿಸಿ ಸಾವಿರದಿಂದ ಗುಣಿಸುತ್ತಾರೆ. ತಿಂಗಳಲ್ಲಿ 240 ವೆಂಟಿಲೇಟರ್ ದಿನಗಳಾಗಿ ಮೂರು ಪ್ರಕರಣ ಬಂದಿದ್ದರೆ ದರ 12.5. ರೋಗಿಗಳ ಸಂಖ್ಯೆಯಿಂದ ಭಾಗಿಸದೆ ದಿನಗಳಿಂದ ಭಾಗಿಸುವುದಕ್ಕೆ ಕಾರಣ, ಒಂದು ದಿನ ಯಂತ್ರದಲ್ಲಿದ್ದವನಿಗೂ ಇಪ್ಪತ್ತು ದಿನ ಇದ್ದವನಿಗೂ ಅಪಾಯ ಒಂದೇ ಅಲ್ಲದಿರುವುದು. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬಯಸುವ ಆಸ್ಪತ್ರೆಗಳು ಈ ದರವನ್ನು ಲೆಕ್ಕವಿಡಬೇಕು. ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಕೂಡಿ ಆಸ್ಪತ್ರೆ ಸೋಂಕುಗಳ ಕಣ್ಗಾವಲು ಜಾಲವೊಂದನ್ನು ನಡೆಸುತ್ತಿವೆ. ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಸೋಂಕು ನಿಯಂತ್ರಣದ ರಾಷ್ಟ್ರೀಯ ಮಾರ್ಗಸೂಚಿಯನ್ನು ಪ್ರಕಟಿಸಿತು. ವರ್ಷಪೂರ್ತಿ ಸೊನ್ನೆ ತೋರಿಸುವ ಐಸಿಯುವನ್ನು ನಾನಂತೂ ಹೊಗಳಲಾರೆ. ತುಂಬಿದ ವೆಂಟಿಲೇಟರುಗಳ ನಡುವೆ ಸೊನ್ನೆ ಬಂದಿದೆಯೆಂದರೆ ಅಲ್ಲಿ ಸೋಂಕಿಲ್ಲ ಎನ್ನುವುದಕ್ಕಿಂತ ಹುಡುಕುವವರಿಲ್ಲ ಎಂದು ಶಂಕಿಸುವುದೇ ಹೆಚ್ಚು ಸರಿ.

ಈಗ ಹಿರಿಯೂರಿನ ಯುವಕನ ಬಳಿಗೆ ಮರಳೋಣ. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ದಾವಣಗೆರೆ ಸುತ್ತಲಿನ ಊರುಗಳ ಕೊನೆಯ ಆಸರೆಯಾಗಿದೆ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ಮತ್ತು ಜಿಲ್ಲೆ ಒಡೆದ ಮೇಲೂ ರೋಗಿಗಳ ದಾರಿ ಬದಲಾಗಲಿಲ್ಲ. ಜಗಳೂರು, ಚಳ್ಳಕೆರೆ, ಹೊಸದುರ್ಗ, ರಾಣೆಬೆನ್ನೂರುಗಳಿಂದ ಬರುವವರಲ್ಲಿ ಅನೇಕರು ಒಂದೆರಡು ಆಸ್ಪತ್ರೆ ದಾಟಿಯೇ ಬಂದಿರುತ್ತಾರೆ. ಹಾಗಾಗಿ 48 ಗಂಟೆಯ ಗಡಿಯಾರವನ್ನು ಎಲ್ಲಿಂದ ಓಡಿಸಬೇಕು ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ದಾವಣಗೆರೆಯಲ್ಲಿ ದಾಖಲಾದ ಮಂಗಳವಾರ ಸಂಜೆ 6ರಿಂದ ಎಣಿಸಿದರೆ ಗುರುವಾರ ಬೆಳಿಗ್ಗೆ 8ಕ್ಕೆ ಕೇವಲ 38 ಗಂಟೆ. ಆ ಲೆಕ್ಕದಲ್ಲಿ ಇದು ಹೊರಗಿನಿಂದ ತಂದದ್ದು. ಚಿತ್ರದುರ್ಗದಲ್ಲಿ ಪೈಪು ಹಾಕಿದ 5 ಗಂಟೆಯಿಂದ ಎಣಿಸಿದರೆ 51 ಗಂಟೆ. ಆಗ ಇದು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ. ಹಿರಿಯೂರಿನಿಂದ ಎಣಿಸಿದರೆ 57 ಗಂಟೆ. ಇವೆಲ್ಲಕ್ಕೂ ಮೊದಲೇ, ಹೆದ್ದಾರಿಯ ಬದಿಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಾಗ, ಅವನ ಬಾಯಿಯ ರಕ್ತ ಮತ್ತು ವಾಂತಿ ಎದೆಗೆ ಇಳಿದಿರುವುದೂ ಸಾಧ್ಯ. ಬಲ ಶ್ವಾಸಕೋಶದ ಕೆಳಭಾಗವೇ ಬೆಳ್ಳಗಾದದ್ದು ಆ ಅನುಮಾನಕ್ಕೆ ಪುಷ್ಟಿ ಕೊಡುತ್ತದೆ, ಏಕೆಂದರೆ ಬಲಗಡೆಯ ಶ್ವಾಸನಾಳ ಎಡಗಡೆಯದಕ್ಕಿಂತ ಅಗಲ ಮತ್ತು ನೇರ.

ಎಣಿಕೆಯ ನಿಯಮ ಗಂಟೆಗಳನ್ನೇ ನೋಡುವುದಿಲ್ಲ, ಕ್ಯಾಲೆಂಡರ್ ನೋಡುತ್ತದೆ. ಸಿಡಿಸಿಯ ಪ್ರಕಾರ ದಾಖಲಾದ ದಿನ ಮೊದಲನೆಯದು. ಮೂರನೆಯ ದಿನ ಅಥವಾ ಅನಂತರ ಕಂಡದ್ದು ಆಸ್ಪತ್ರೆಯದು. ರಾತ್ರಿ 11ಕ್ಕೆ ದಾಖಲಾದವನಿಗೆ ಮೂರನೆಯ ದಿನ 25 ಗಂಟೆಗೇ ಶುರುವಾಗುತ್ತದೆ, ಮಧ್ಯರಾತ್ರಿ ಕಳೆದ ಕೂಡಲೇ ದಾಖಲಾದವನಿಗೆ ಸುಮಾರು 48 ಗಂಟೆ ಬೇಕಾಗುತ್ತದೆ. ನಮ್ಮ ಯುವಕ ಗುರುವಾರ ದಾವಣಗೆರೆಯಲ್ಲಿ ಮೂರನೆಯ ದಿನದಲ್ಲಿದ್ದಾನೆ, ಆದ್ದರಿಂದ ವೈದ್ಯರ 38 ಗಂಟೆಯ ವಾದ ಏನೇ ಇರಲಿ, ರಿಜಿಸ್ಟರಿನಲ್ಲಿ ಪ್ರಕರಣ ದಾವಣಗೆರೆಯದು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸಿದ ದಿನ ಅಥವಾ ಅದರ ಮರುದಿನ ಕಂಡ ಆಸ್ಪತ್ರೆ ಸೋಂಕನ್ನು ಕಳುಹಿಸಿದವರ ಖಾತೆಗೆ ಬರೆಯಬೇಕೆಂಬ ಉಪನಿಯಮವೂ ಇದೆ. ಜ್ವರ ಒಂದು ದಿನ ಮೊದಲು, ಬುಧವಾರವೇ, ಬಂದಿದ್ದರೆ ಅದು ದಾವಣಗೆರೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚಿತ್ರದುರ್ಗದಲ್ಲೂ ಅದು ಎರಡನೆಯ ದಿನವೇ ಆಗಿರುವುದರಿಂದ ಅವರೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಹಿರಿಯೂರಿನ ಲೆಕ್ಕದಲ್ಲಿ ಅದು ಮೂರನೆಯ ದಿನವಾದರೂ, ಐದು ಗಂಟೆಯೂ ಅವನನ್ನು ಇಟ್ಟುಕೊಳ್ಳದ ಅಲ್ಲಿನವರು ಅದನ್ನು ಬರೆದುಕೊಳ್ಳುವುದು ಅನುಮಾನ. ಸುಮಾರು ನೂರು ಕಿಲೋಮೀಟರಿನಲ್ಲಿ ಮೂರು ಆಸ್ಪತ್ರೆ ಕಂಡ ರೋಗಿಯ ಸೋಂಕು ಯಾರ ಪುಸ್ತಕದಲ್ಲೂ ಸೇರದೆ ಹೀಗೆ ಜಾರಿಹೋಗಬಹುದು. ಒಂದೇ ಆಸ್ಪತ್ರೆಯಲ್ಲಿ ಆರಂಭವಾಗಿ ಅಲ್ಲೇ ಮುಗಿಯುವ ಚಿಕಿತ್ಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮಗಳು ನಮ್ಮ ಹೆದ್ದಾರಿಗೆ ಸರಿಹೊಂದಲು ಕಷ್ಟಪಡುತ್ತವೆ.

ಔಷಧ ಬರೆಯುವವರಿಗೆ ಬೇಕಾದದ್ದು ಯಾರ ಖಾತೆ ಎಂಬುದಲ್ಲ, ಎಂಥ ಬ್ಯಾಕ್ಟೀರಿಯಾ ಎಂಬುದು. ಹಿಂದೆ ನಾಲ್ಕು ದಿನದೊಳಗೆ ಬಂದದ್ದನ್ನು ‘ಬೇಗ ಬಂದದ್ದು’ ಎಂದೂ, ಐದನೆಯ ದಿನದಿಂದಾಚೆಯದನ್ನು ‘ತಡವಾಗಿ ಬಂದದ್ದು’ ಎಂದೂ ವಿಂಗಡಿಸಿ, ಮೊದಲನೆಯದರಲ್ಲಿ ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗುವ ಬ್ಯಾಕ್ಟೀರಿಯಾ ಇರುತ್ತವೆ ಎನ್ನುತ್ತಿದ್ದರು. ಈ ಭೇದವನ್ನು ಈಗ ಅಷ್ಟಾಗಿ ನೆಚ್ಚುವುದಿಲ್ಲ. ಹಿಂದಿನ 90 ದಿನಗಳಲ್ಲಿ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಪಡೆದಿರುವುದೇ ನಿರೋಧಕ ಬ್ಯಾಕ್ಟೀರಿಯಾದ ಬಲವಾದ ಸುಳಿವು ಎಂದು 2016ರ ಮಾರ್ಗಸೂಚಿ ಹೇಳುತ್ತದೆ. ವೆಂಟಿಲೇಟರ್ ರೋಗಿಗಳಲ್ಲಿ ಇದರೊಡನೆ ಸೆಪ್ಟಿಕ್ ಶಾಕ್ (ಸೋಂಕಿನಿಂದ ರಕ್ತದೊತ್ತಡ ಕುಸಿಯುವುದು), ಶ್ವಾಸಕೋಶದ ತೀವ್ರ ವೈಫಲ್ಯ, ಐದು ಅಥವಾ ಹೆಚ್ಚು ದಿನಗಳ ಆಸ್ಪತ್ರೆ ವಾಸ, ಸೋಂಕಿಗೆ ಮುನ್ನ ತುರ್ತು ಡಯಾಲಿಸಿಸ್ ಇವೂ ಸೇರುತ್ತವೆ. ಪ್ರಾಯೋಗಿಕವಾಗಿ ನಮ್ಮಲ್ಲಿ ಇದು ಕಠಿಣ ಪ್ರಶ್ನೆ. ಹಳ್ಳಿಯ ಕ್ಲಿನಿಕ್ಕಿನಲ್ಲಿ ಕಳೆದ ತಿಂಗಳು ಹಾಕಿಸಿಕೊಂಡ ‘ಸೂಜಿ’ ಯಾವುದೆಂದು ಮನೆಯವರಿಗೆ ಗೊತ್ತಿರುವುದಿಲ್ಲ, ಚೀಟಿಯೂ ಇರುವುದಿಲ್ಲ.

ಬ್ಯಾಕ್ಟೀರಿಯಾ ಬೆಳೆದು ಬಂದ ಮೇಲೆ ಅದು ಎಷ್ಟು ಗುಂಪಿನ ಔಷಧಗಳಿಗೆ ಬಗ್ಗುವುದಿಲ್ಲ ಎಂಬುದರ ಮೇಲೆ ಮತ್ತೊಂದು ವರ್ಗೀಕರಣ ನಡೆಯುತ್ತದೆ. 2012ರಲ್ಲಿ ಒಪ್ಪಿತವಾದ ವ್ಯಾಖ್ಯೆಯಂತೆ, ಮೂರು ಅಥವಾ ಹೆಚ್ಚು ಗುಂಪುಗಳಲ್ಲಿ ತಲಾ ಒಂದಾದರೂ ಔಷಧಕ್ಕೆ ಬಗ್ಗದಿದ್ದರೆ ಬಹುಔಷಧ ನಿರೋಧಕ. ಎರಡೋ ಅದಕ್ಕಿಂತ ಕಡಿಮೆಯೋ ಗುಂಪುಗಳನ್ನು ಬಿಟ್ಟು ಉಳಿದೆಲ್ಲ ಗುಂಪುಗಳಲ್ಲಿ ಹಾಗಿದ್ದರೆ ವ್ಯಾಪಕ ನಿರೋಧಕ. ಯಾವ ಔಷಧಕ್ಕೂ ಬಗ್ಗದಿದ್ದರೆ ಸರ್ವನಿರೋಧಕ. ಭಾರತದ ಐಸಿಯುಗಳ ವೆಂಟಿಲೇಟರ್ ನ್ಯುಮೋನಿಯಾದಲ್ಲಿ ಅಸಿನೆಟೋಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ ಮುಂಚೂಣಿಯಲ್ಲಿದ್ದು, ಕಾರ್ಬಪೆನೆಮ್ ಗುಂಪಿನ ಪ್ರಬಲ ಔಷಧಗಳೂ ಅನೇಕ ಸಲ ಕೈಕೊಡುತ್ತವೆ. ಆಗ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಕೊಲಿಸ್ಟಿನ್‌ನಂಥ ಹಳೆಯ ಔಷಧಕ್ಕೆ ಕೈ ಚಾಚಬೇಕಾಗುತ್ತದೆ. ತಪ್ಪು ಗುರುತಿಸುವಿಕೆಯ ಬೆಲೆ ತಿಳಿಯುವುದು ಇಲ್ಲಿ. ಶ್ವಾಸಕೋಶ ಮುದುಡಿದ್ದನ್ನು ನ್ಯುಮೋನಿಯಾ ಎಂದುಕೊಂಡು ಕೊಟ್ಟ ಪ್ರತಿಯೊಂದು ಅನವಶ್ಯಕ ಕೋರ್ಸ್ ಪಕ್ಕದ ಹಾಸಿಗೆಯವನ ಬ್ಯಾಕ್ಟೀರಿಯಾವನ್ನೂ ಗಟ್ಟಿ ಮಾಡುತ್ತದೆ. ಬಹುತೇಕರಿಗೆ ಏಳು ದಿನದ ಚಿಕಿತ್ಸೆ ಸಾಕೆಂದು ಮಾರ್ಗಸೂಚಿ ಹೇಳಿದ ಮೇಲೂ, ಹತ್ತು, ಹದಿನಾಲ್ಕು ದಿನ ಎಳೆಯುವ ಪದ್ಧತಿ ಅಭ್ಯಾಸಬಲದಿಂದ ಉಳಿದುಕೊಂಡಿದೆ.

ಕುಟುಂಬಕ್ಕೆ ಸಿಗುವ ಕಾಗದಗಳಲ್ಲಿ ಈ ಯಾವುದೂ ಕಾಣಿಸದೆ ಹೋಗುವುದು ಸಾಮಾನ್ಯ. ಡಿಸ್ಚಾರ್ಜ್ ಸಮರಿಯಲ್ಲಿ ‘ನ್ಯುಮೋನಿಯಾ’ ಎಂದಷ್ಟೇ ಇದ್ದರೆ ಅದು ಮನೆಯಿಂದ ತಂದದ್ದೋ, ವಾರ್ಡಿನದೋ, ಪೈಪಿನದೋ ತಿಳಿಯುವುದಿಲ್ಲ. ರೋಗಿ ತೀರಿಕೊಂಡರೆ ನಮೂನೆ 4ರ ಮರಣ ಕಾರಣದ ಪ್ರಮಾಣಪತ್ರದಲ್ಲಿ ‘ಹೃದಯ-ಶ್ವಾಸ ಸ್ತಂಭನ’ ಎಂದು ಬರೆದು ಮುಗಿಸುವ ಚಾಳಿ ಇದೆ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ತಲೆಯ ಪೆಟ್ಟು ಮೂಲ ಕಾರಣ, ವೆಂಟಿಲೇಟರ್ ನ್ಯುಮೋನಿಯಾ ತಕ್ಷಣದ ಕಾರಣ ಎಂದು ಸರಪಳಿಯಾಗಿ ಬರೆಯಲು ಆ ನಮೂನೆಯಲ್ಲಿ ಸಾಲುಗಳಿವೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಿಂದ ಈ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಸಂಬಂಧಿಗೂ ಆಸ್ಪತ್ರೆ ಕೊಡಬೇಕು. ಆಸ್ಪತ್ರೆಯಲ್ಲಿ ಸೋಂಕು ತಗುಲಿತು ಎಂದು ಬರೆದರೆ ಗಲಾಟೆಯಾದೀತೆಂಬ ಅಂಜಿಕೆ ವೈದ್ಯರಲ್ಲಿದೆ, ಆ ಅಂಜಿಕೆ ಸುಳ್ಳೂ ಅಲ್ಲ. ಆದರೆ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತಿಟ್ಟು, ಬಾಯಿ ಶುಚಿ ಮಾಡಿ, ದಿನವೂ ಪೈಪು ತೆಗೆಯಬಹುದೇ ಎಂದು ನೋಡಿದ ಮೇಲೂ ಕೆಲವರಿಗೆ ಈ ರೋಗ ಬರುತ್ತದೆ, ಬಂದದ್ದೆಲ್ಲ ನಿರ್ಲಕ್ಷ್ಯವಲ್ಲ. ಬಂದ ಮೊದಲ ದಿನವೇ ಸಂಬಂಧಿಕರನ್ನು ಕೂರಿಸಿ ಕನ್ನಡದಲ್ಲಿ ಇಷ್ಟನ್ನು ಹೇಳಿದ್ದರೆ ಮುಂದಿನ ಅರ್ಧ ಗಲಾಟೆ ಆಗುವುದಿಲ್ಲ ಎಂಬುದು ನನ್ನ ಎಣಿಕೆ.

ಗುರುವಾರ ಬೆಳಿಗ್ಗೆ ದಾವಣಗೆರೆಯ ಡ್ಯೂಟಿ ಡಾಕ್ಟರ ಕೈಯಲ್ಲಿರುವುದು ನಾಲ್ಕಾಗಿ ಮಡಿಸಿದ ರೆಫರಲ್ ಚೀಟಿ. ‘ತಲೆಗೆ ಪೆಟ್ಟು, ಹೆಚ್ಚಿನ ಚಿಕಿತ್ಸೆಗೆ ಕಳುಹಿಸಲಾಗಿದೆ’ ಎಂದು ಅದರಲ್ಲಿದೆ. ಪೈಪು ಹಾಕಿದ ಹೊತ್ತು ಎಷ್ಟು, ಹಾಕುವಾಗ ಗಂಟಲಲ್ಲಿ ವಾಂತಿ ಇತ್ತೇ, ಯಾವ ಆಂಟಿಬಯಾಟಿಕ್ ಯಾವಾಗ ಕೊಟ್ಟರು, ಮೊದಲ ಎಕ್ಸ್‌ರೇ ಹೇಗಿತ್ತು ಎಂಬ ನಾಲ್ಕು ಸಾಲುಗಳು ಅದರಲ್ಲಿ ಇದ್ದರೆ ಮೇಲಿನ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಅವರು ಚಿತ್ರದುರ್ಗಕ್ಕೆ ಫೋನ್ ಮಾಡಬೇಕು, ಅಲ್ಲಿ ಆ ರಾತ್ರಿಯ ಪಾಳಿಯವರು ಆಗಲೇ ಮನೆಗೆ ಹೋಗಿರುತ್ತಾರೆ.